ಹಸಿರು ದೀಪ ಉರೀತಿತ್ತು, ಆದ್ರೆ ಏನೂ ಬರ್ತಿರಲಿಲ್ಲ: ನರೋಡಾದಿಂದ ನೋಡಿದ ಆಂಟಿವೈರಸ್ ಸರ್ವರ್‌ಗಳ ಕಥೆ

ಇವತ್ತಿನ ಮಾತು ಆಂಟಿವೈರಸ್ ಬಗ್ಗೆ. ನಿಮ್ಮ ಲ್ಯಾಪ್‌ಟಾಪ್ ಮೂಲೆಯಲ್ಲಿ ಕೂತು ಆಗಾಗ ಕಿರಿಕಿರಿ ಮಾಡುವ ಆ ಐಕಾನ್ ಬಗ್ಗೆ ಅಲ್ಲ. ಅದರ ಹಿಂದೆ ಒಂದು ಸರ್ವರ್ ಇನ್ನೊಂದು ಸರ್ವರ್ ಜೊತೆ ಮಾತಾಡ್ತಾ ಇರುತ್ತಲ್ಲ, ಆ ಸಂಪರ್ಕದ ಬಗ್ಗೆ. ಯಾರು ಯಾರಿಗೆ ಕೊಡೋದು, ಯಾರಿಂದ ಯಾರು ತಗೊಳ್ಳೋದು, ಯಾಕೆ ನಂಬೋದು. ಕೇಳೋಕೆ ಸಪ್ಪೆ ಅನ್ನಿಸಬಹುದು. ನನಗೆ ಇದು ಸಪ್ಪೆ ಅಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿಂದ, ಪೂರ್ವದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಅಹಮದಾಬಾದಿಗೆ ಗಾಂಧಿಧಾಮ ಎಕ್ಸ್‌ಪ್ರೆಸ್ ಹತ್ತಿ ಬಂದವನು. ಎರಡೂ ಊರಿನ ಮಿಲ್‌ಗಳು ಮುಚ್ಚಿ ಎಷ್ಟೋ ಕಾಲ ಆಗಿತ್ತು. ನನಗೆ ಕೆಲಸ ಸಿಕ್ಕಿದ್ದು ನರೋಡಾದ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಬಣ್ಣದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ರಿಲಯನ್ಸ್ ತನ್ನ ಮೊದಲ ಬಟ್ಟೆ ಗಿರಣಿ ಹಾಕಿದ್ದು ಇದೇ ನರೋಡಾದಲ್ಲಿ, 1966ರಲ್ಲಿ. ನಮ್ಮಪ್ಪ ಮದುವೆಗೆ ಹೊಲಿಸಿದ ವಿಮಲ್ ಸೂಟಿನ ಬಟ್ಟೆ ಬಹುಶಃ ಇಲ್ಲಿಂದಲೇ ಬಂದಿರಬೇಕು. ನಾನು ಬಂದಾಗ ಇಲ್ಲಿ ಮೂಗಿಗೆ ಮೊದಲು ತಾಗುತ್ತಿದ್ದದ್ದು ಆಸಿಡ್ ವಾಸನೆ. ಸಂಜೆ ಶಿಫ್ಟ್ ಬಿಟ್ಟಾಗ ಕಾರ್ಮಿಕರ ಕಾಲಿನ ಮೇಲೆ ನೀಲಿ, ಕೆಂಪು, ಹಳದಿ.

ಸರಿ, ಚರಿತ್ರೆಗೆ ಬರೋಣ.

ಸರ್ವರ್‌ಗಳ ನಡುವಿನ ಸಂಪರ್ಕ ಅಂದರೆ ಮೊದಲು ಒಬ್ಬ ಮನುಷ್ಯ. ಜೇಬಲ್ಲಿ ಫ್ಲಾಪಿ ಇಟ್ಟುಕೊಂಡ ಮನುಷ್ಯ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೈನ್ ವೈರಸ್ ಫ್ಲಾಪಿ ಮೇಲೆ ಕೂತು ಜಗತ್ತು ಸುತ್ತಿತು. 1990ರಲ್ಲಿ ಭಾರತದಲ್ಲೇ ಪತ್ತೆಯಾದ ಜೋಶಿ ವೈರಸ್ ಕಥೆ ಇನ್ನೂ ಮಜಾ. ಜನವರಿ 5 ಬಂತು ಅಂದ್ರೆ ಕಂಪ್ಯೂಟರ್ ನಿಂತು, 'ಹ್ಯಾಪಿ ಬರ್ತ್‌ಡೇ ಜೋಶಿ' ಅಂತ ಟೈಪ್ ಮಾಡು ಅಂತಿತ್ತು. ಟೈಪ್ ಮಾಡಿದರೆ ಬಿಡ್ತಿತ್ತು. ಯಾವ ಜೋಶಿಯೋ ಏನೋ, ಒಂದು ಪೀಳಿಗೆಯ ಆಪರೇಟರುಗಳೆಲ್ಲ ಅವನಿಗೆ ಶುಭಾಶಯ ಹೇಳಿದ್ದಾರೆ.

ರೋಗ ಫ್ಲಾಪಿಯಲ್ಲಿ ಬಂದರೆ ಔಷಧಿಯೂ ಫ್ಲಾಪಿಯಲ್ಲೇ ಬರ್ತಿತ್ತು. ಪುಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದ ಕೈಲಾಸ್ ಕಾಟ್ಕರ್, ತಮ್ಮ ಸಂಜಯ್ ಜೊತೆ ಸೇರಿ ಕ್ವಿಕ್ ಹೀಲ್ ಮಾಡಿದ್ದು 1990ರ ದಶಕದ ನಡುವೆ, ರಿಪೇರಿಗೆ ಬಂದ ಮಷೀನುಗಳಲ್ಲಿ ವೈರಸ್ ನೋಡಿ ನೋಡಿ. ಅದೇ ಹೊತ್ತಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಗೋರ್ ದನಿಲೋವ್ ಡಾಕ್ಟರ್ ವೆಬ್ ಬರೀತಿದ್ದರು. ಇಬ್ಬರ ಮುಂದೆಯೂ ಒಂದೇ ಪ್ರಶ್ನೆ ಬಂತು: ಒಂದು ಮಷೀನಿಗೆ ಔಷಧಿ ಹಾಕೋದು ಗೊತ್ತು, ನೂರು ಮಷೀನಿಗೆ ಹೇಗೆ? ಹತ್ತು ಊರಲ್ಲಿ ಹರಡಿರೋ ಸಾವಿರ ಮಷೀನಿಗೆ ಹೇಗೆ?

ಉತ್ತರ ಮರದ ಆಕಾರದಲ್ಲಿ ಬಂತು. ಇಂಟೆಲ್ ಕಂಪನಿಯ ಲ್ಯಾನ್‌ಡೆಸ್ಕ್ ವೈರಸ್ ಪ್ರೊಟೆಕ್ಟ್‌ನಲ್ಲಿ ಸರ್ವರ್‌ಗಳನ್ನು ಗುಂಪು ಕಟ್ಟುವ ವ್ಯವಸ್ಥೆ ಇತ್ತು. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡುಕೊಂಡು ನಾರ್ಟನ್‌ನ ಕಾರ್ಪೊರೇಟ್ ಆವೃತ್ತಿಯೊಳಗೆ ಸೇರಿಸಿತು. ಗುಂಪಿಗೊಂದು ಪ್ರೈಮರಿ ಸರ್ವರ್, ಅದರ ಕೆಳಗೆ ಸೆಕೆಂಡರಿಗಳು, ಅವುಗಳ ಕೆಳಗೆ ಮೇಜಿನ ಮೇಲಿನ ಕಂಪ್ಯೂಟರುಗಳು. ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು. ಡಾಕ್ಟರ್ ವೆಬ್‌ನವರು ಇದಕ್ಕೆ 'ಆಂಟಿವೈರಸ್ ನೆಟ್‌ವರ್ಕ್' ಅಂತಲೇ ಹೆಸರಿಟ್ಟು, ಸರ್ವರ್‌ಗಳ ಮಾತುಕತೆಗೆ 2193ನೇ ಪೋರ್ಟ್ ಇಟ್ಟುಕೊಂಡರು.

ಈ ಸಂಪರ್ಕದೊಳಗೆ ಏನಿರುತ್ತೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಕಥೆಯೆಲ್ಲ ಇಲ್ಲೇ ಇದೆ. ಎರಡು ಸರ್ವರ್ ಜೋಡಿಸುವಾಗ ಮೊದಲ ಪ್ರಶ್ನೆ ವಿಳಾಸದ್ದಲ್ಲ, ಸಂಬಂಧದ್ದು. ನೀನು ಇದಕ್ಕೆ ಪೇರೆಂಟಾ, ಚೈಲ್ಡಾ, ಇಲ್ಲ ಪಿಯರಾ? ಪೇರೆಂಟ್ ಆದರೆ ಅಪ್‌ಡೇಟ್ ಕೆಳಕ್ಕೆ ಹರಿಯುತ್ತೆ, ಯಾವ ಮಷೀನಲ್ಲಿ ಏನು ಸಿಕ್ಕಿತು ಅನ್ನೋ ವರದಿ ಮೇಲಕ್ಕೆ ಬರುತ್ತೆ. ಪಿಯರ್ ಅಂದರೆ ಸರೀಕರು. ಅಲ್ಲಿ ಏನು ಕೊಡಬೇಕು, ಏನು ತಗೋಬೇಕು ಅಂತ ನೀವೇ ಒಂದೊಂದಾಗಿ ಟಿಕ್ ಹಾಕಬೇಕು. ಆಮೇಲೆ ಕೀಲಿ: ಈ ಸರ್ವರಿನ ಪಬ್ಲಿಕ್ ಕೀ ಆ ಸರ್ವರಿಗೆ, ಅದರದ್ದು ಇದಕ್ಕೆ, ಜೊತೆಗೊಂದು ಪಾಸ್‌ವರ್ಡ್. ವಿಳಾಸ, ಪೋರ್ಟ್ ಬರೋದು ಆಮೇಲೆ. ಕೊನೆಗೆ, ಸದಾ ಜೋಡಿಕೊಂಡೇ ಇರಬೇಕಾ, ಹೊತ್ತು ಗೊತ್ತು ಮಾಡಿ ರಾತ್ರಿ ಮಾತ್ರ ಮಾತಾಡಬೇಕಾ. ನಮ್ಮ ಕಡೆ ಬೀಗತನ ಮಾಡುವಾಗ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ ಅಲ್ವಾ? ಯಾರ ಮನೆ, ಕೊಡೋದೇನು, ತರೋದೇನು, ಹೋಗಿಬರೋದು ಎಷ್ಟು ದಿನಕ್ಕೊಮ್ಮೆ.

ಈ ಮರದ ದೌರ್ಬಲ್ಯ ಬೇಗ ಗೊತ್ತಾಯ್ತು. 2003ರ ಜನವರಿ 25, ಶನಿವಾರ, ನಮ್ಮ ಸಮಯ ಬೆಳಿಗ್ಗೆ 11ರ ಹೊತ್ತಿಗೆ ಸ್ಲ್ಯಾಮರ್ ಶುರುವಾಯ್ತು. ಬರೀ 376 ಬೈಟ್. ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗ್ತಾ, ಸಿಕ್ಕಬಹುದಾದ ಮಷೀನುಗಳಲ್ಲಿ ಶೇ. 90ರಷ್ಟನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು. 'ಹೊಸದೇನಾದ್ರೂ ಇದೆಯಾ' ಅಂತ ಚೈಲ್ಡ್ ಸರ್ವರ್ ತನ್ನ ಪೇರೆಂಟನ್ನು ಗಂಟೆಗೊಮ್ಮೆ ಕೇಳುವ ಕಾಲ ಅದು. ಕೇಳೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅದನ್ನು ತಡೆಯುವ ಪ್ಯಾಚ್ ಆರು ತಿಂಗಳ ಹಿಂದೆಯೇ ಬಂದು ಕೂತಿತ್ತು ಅನ್ನೋದು ಬೇರೆ ಮಾತು.

ಇದಕ್ಕಿಂತ ನನಗೆ ಮುಖ್ಯ ಅನ್ನಿಸೋದು 2006ರ ಡಿಸೆಂಬರಿನದ್ದು. ಹೆಸರು 'ಬಿಗ್ ಯೆಲ್ಲೋ'. ಈ ಹುಳು ಬಂದ ದಾರಿ ಯಾವುದು ಗೊತ್ತಾ? 2967ನೇ ಪೋರ್ಟ್. ಅಂದರೆ ಸಿಮ್ಯಾಂಟೆಕ್‌ನ ಕಾರ್ಪೊರೇಟ್ ಆಂಟಿವೈರಸ್ ತನ್ನವರ ಜೊತೆ ಮಾತಾಡೋಕೆ ತೆರೆದಿಟ್ಟುಕೊಂಡಿದ್ದ ಬಾಗಿಲು. ಕಂಪನಿ ಮೇ ತಿಂಗಳಲ್ಲೇ ದೋಷ ಒಪ್ಪಿಕೊಂಡು ಪ್ಯಾಚ್ ಕೊಟ್ಟಿತ್ತು. ಆದರೆ ಮರದಲ್ಲಿ ತಾನಾಗೇ ಇಳಿಯುತ್ತಿದ್ದದ್ದು ವೈರಸ್ಸುಗಳ ಪಟ್ಟಿ ಮಾತ್ರ. ಪ್ರೋಗ್ರಾಮಿನ ಪ್ಯಾಚನ್ನು ಯಾರಾದರೂ ಕೂತು ಹಾಕಬೇಕಿತ್ತು. ಪಟ್ಟಿ ಇವತ್ತಿನದ್ದು, ಬಾಗಿಲಿನ ಚಿಲಕ ಮಾತ್ರ ಮುರಿದೇ ಇತ್ತು. ಪಟ್ಟಿಯ ತಾರೀಕು ನೋಡಿ 'ನಾವು ಸೇಫ್' ಅಂದುಕೊಂಡವರು ಎಷ್ಟೋ ಜನ.

ಈಗ ನನ್ನ ಕಥೆ. 2009ರ ಫೆಬ್ರವರಿ. ನಮ್ಮ ಹೆಡ್ ಆಫೀಸ್ ಮುಂಬೈಯಲ್ಲಿ, ದೊಡ್ಡ ಘಟಕ ನರೋಡಾದಲ್ಲಿ, ಸಣ್ಣದೊಂದು ಅಂಕಲೇಶ್ವರದಲ್ಲಿ. ನರೋಡಾದ ಎಪ್ಪತ್ತು ಕಂಪ್ಯೂಟರುಗಳೂ ಬೆಳಿಗ್ಗೆ ಒಂಬತ್ತೂವರೆಗೆ ಆನ್ ಆಗಿ, ಒಂದೊಂದೂ ಪ್ರತ್ಯೇಕವಾಗಿ ಮುಂಬೈಯಿಂದ ಅಪ್‌ಡೇಟ್ ಎಳೆಯುತ್ತಿದ್ದವು. ಲೀಸ್ಡ್ ಲೈನ್ ಉಸಿರುಗಟ್ಟಿ, ಡಿಸ್ಪ್ಯಾಚ್‌ನವರಿಗೆ ಒಂದು ಚಲನ್ ಪ್ರಿಂಟ್ ತೆಗೆಯೋಕೆ ಆಗ್ತಿರಲಿಲ್ಲ. ಅದಕ್ಕೇ ನರೋಡಾದಲ್ಲೊಂದು ಚೈಲ್ಡ್ ಸರ್ವರ್ ಇಡೋಣ ಅಂತಾಯ್ತು. ಅದೊಂದೇ ಮುಂಬೈಯಿಂದ ತರಲಿ, ಎಪ್ಪತ್ತಕ್ಕೂ ಅದೇ ಹಂಚಲಿ.

ನಾನು ಮುಂಬೈಗೆ ಹೋಗಿ ಪೇರೆಂಟ್ ಸರ್ವರಿನ ಕೀ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ಕೀ ಅಲ್ವಾ, ಮೇಲ್‌ನಲ್ಲಿ ಕಳಿಸಬಾರದು ಅಂತ ಭಾರೀ ಶಿಸ್ತು. ವಾಪಸ್ ಬರುವಾಗ ಸ್ಟೇಷನ್ ಹತ್ತಿರದ ಸೈಬರ್ ಕೆಫೆಯಲ್ಲಿ ರೈಲು ಟಿಕೆಟ್ ಪ್ರಿಂಟ್ ತೆಗೆಯೋಕೆ ಅದೇ ಪೆನ್ ಡ್ರೈವ್ ಚುಚ್ಚಿದೆ. ನಕ್ಕೋಬೇಡಿ. ಗುಜರಾತ್ ಮೇಲ್‌ನಲ್ಲಿ ರಾತ್ರಿಯೆಲ್ಲ ನನ್ನ ಜೇಬಲ್ಲಿ ಕೀಲಿಯೂ ಇತ್ತು, ಕಾನ್‌ಫಿಕರೂ ಇತ್ತು.

ನರೋಡಾದ ಸರ್ವರ್ ಹೊಸದಾಗಿ ಇನ್‌ಸ್ಟಾಲ್ ಆಗಿತ್ತು. ಪ್ಯಾಚ್ ಹಾಕಿರಲಿಲ್ಲ. ಆಂಟಿವೈರಸ್ ಇತ್ತು, ಆದರೆ ಅದರ ಪಟ್ಟಿ ಹಳೇದು. ಹೊಸ ಪಟ್ಟಿ ಬರಬೇಕಿದ್ದದ್ದು ನಾನು ಇನ್ನೂ ಜೋಡಿಸದ ಸಂಪರ್ಕದಿಂದ! ಪೆನ್ ಡ್ರೈವ್ ಹಾಕಿದೆ, ಆಟೋರನ್ ಓಡಿತು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅಕೌಂಟ್ಸ್‌ನವರ ಲಾಗಿನ್ ಒಂದೊಂದೇ ಲಾಕ್ ಆಗ್ತಾ ಬಂತು. ಕಾನ್‌ಫಿಕರ್ ಪಾಸ್‌ವರ್ಡ್ ಊಹಿಸಿ ಊಹಿಸಿ ಬಡಿಯುತ್ತಿತ್ತು, ಮೂರು ಸಲ ತಪ್ಪಿದರೆ ಅಕೌಂಟ್ ಲಾಕ್. 'ಶುಂ ಥಯುಂ, ಭಾಯ್?' ಅಂತ ಒಬ್ಬೊಬ್ಬರೇ ನನ್ನ ಟೇಬಲ್ ಸುತ್ತ. ಏನಾಯ್ತು ಅಂತ ನನಗೇ ಗೊತ್ತಿಲ್ಲ.

ಮುಂಬೈಯಲ್ಲಿದ್ದ ನಮ್ಮ ಸೀನಿಯರ್ ಮಂಗಳೂರು ಕಡೆಯವರು. ಫೋನ್ ಮಾಡಿದೆ. 'ಲೈನ್ ತೆಗಿ ಮಾರಾಯ, ಮೊದ್ಲು ಲೈನ್ ತೆಗಿ. ಬಾಕಿದ್ದು ಮತ್ತೆ ನೋಡುವ' ಅಂದರು. 'ಸರ್, ಲೈನ್ ತೆಗೆದ್ರೆ ಅಪ್‌ಡೇಟ್ ಹೆಂಗ್ ಬರ್ತತಿ?' ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ತೆಗೆದೆ. ಮುಂಬೈ ಉಳಿಯಿತು. ನರೋಡಾ ಒಳಗೊಳಗೇ ಬೇಯ್ತಾ ಹೋಯ್ತು. ಇಂಟರ್ನೆಟ್ಟಿನಿಂದ ನೇರವಾಗಿ ಔಷಧಿ ತರೋಣ ಅಂದರೆ, ಕಾನ್‌ಫಿಕರ್ ಆಂಟಿವೈರಸ್ ಕಂಪನಿಗಳ ಹೆಸರಿರೋ ವಿಳಾಸಗಳನ್ನೆಲ್ಲ ಮೊದಲೇ ತಡೆದಿಟ್ಟಿತ್ತು.

ಮಾರನೇ ದಿನ ಸೀನಿಯರೇ ದಾರಿ ಹುಡುಕಿದರು. ಅದು ತಡೆಯೋದು ಹೆಸರನ್ನು, ನಮ್ಮ ಪೇರೆಂಟ್-ಚೈಲ್ಡ್ ಮಾತಾಡೋದು ಐಪಿ ನಂಬರಿನಲ್ಲಿ. ಹಾಗಾಗಿ ರೂಟರಿನಲ್ಲಿ 445, 139 ಎಲ್ಲ ಮುಚ್ಚಿ, ಮುಂಬೈ ಸರ್ವರಿನಿಂದ ನರೋಡಾ ಸರ್ವರಿಗೆ ಆಂಟಿವೈರಸ್‌ನ ಪೋರ್ಟ್ ಒಂದನ್ನು ಮಾತ್ರ ಬಿಟ್ಟೆವು. ಸರ್ವರನ್ನು ಮತ್ತೆ ಹೊಸದಾಗಿ ಕಟ್ಟಿದೆ, ಈ ಸಲ ಪ್ಯಾಚ್ ಸಿಡಿಯಿಂದ. ಕೀಲಿಯೂ ಸಿಡಿಯಲ್ಲೇ ಕೊರಿಯರಿನಲ್ಲಿ ಬಂತು. ಸಂಪರ್ಕ ಹಸಿರಾಯ್ತು, ಪಟ್ಟಿ ಇಳಿಯಿತು, ನಾಲ್ಕು ದಿನದಲ್ಲಿ ಎಪ್ಪತ್ತೂ ಸ್ವಚ್ಛ.

ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಶೌರ್ಯದ ಕಥೆ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಮುಂದಿನ ವಾರ ಅದೇ ಉತ್ಸಾಹದಲ್ಲಿ ಅಂಕಲೇಶ್ವರದ ಸರ್ವರನ್ನು ನರೋಡಾಕ್ಕೆ ಜೋಡಿಸಿದೆ. ಹಸಿರು ದೀಪ ಬಂತು. ಮುಂಬೈಗೆ ಮೇಲ್ ಹಾಕಿದೆ, ಕೆಲಸ ಆಯ್ತು ಅಂತ. ಮಾರ್ಚ್ ಕೊನೆಗೆ ಅಲ್ಲಿ ಯಾರದ್ದೋ ಪೆನ್ ಡ್ರೈವಿನಿಂದ ಅದೇ ಹುಳು ಎದ್ದಿತು. ಹೋಗಿ ನೋಡಿದರೆ, ಅಲ್ಲಿನ ಪಟ್ಟಿಯ ತಾರೀಕು ನಾನು ಇನ್‌ಸ್ಟಾಲ್ ಮಾಡಿದ ದಿನದ್ದೇ. ಸಂಬಂಧದ ಜಾಗದಲ್ಲಿ ಚೈಲ್ಡ್ ಅಂತ ಆರಿಸುವ ಬದಲು ಪಿಯರ್ ಅಂತ ಆರಿಸಿದ್ದೆ, ಅಪ್‌ಡೇಟ್ ಕೊಡು ಅನ್ನುವ ಟಿಕ್ ಹಾಕಿರಲಿಲ್ಲ. ಎರಡು ಸರ್ವರುಗಳೂ ತಿಂಗಳಿಡೀ ಪರಸ್ಪರ ನಮಸ್ಕಾರ ಹೇಳ್ಕೊಂಡು ಕೂತಿದ್ದವು. ಸಂಪರ್ಕ ಇತ್ತು. ಹರಿಯುತ್ತಿದ್ದದ್ದು ಏನೂ ಇಲ್ಲ.

ಅಂಕಲೇಶ್ವರದಲ್ಲಿ ಗುತ್ತಿಗೆ ಕೂಲಿಯವರ ಹಾಜರಿ, ಸಂಬಳದ ಲೆಕ್ಕ ಒಂದೇ ಕಂಪ್ಯೂಟರಿನಲ್ಲಿತ್ತು. ಅದು ನಿಂತಿತು. ಅವರಿಗೆ ಸಂಬಳ ಮೂರು ದಿನ ತಡವಾಯ್ತು. ಗೇಟಿನ ಹೊರಗೆ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ಯಾಕಂದ್ರೆ ಯಾರಿಗೂ ಅದು ನನ್ನ ತಪ್ಪು ಅಂತ ಗೊತ್ತಿರಲಿಲ್ಲ. 'ವೈರಸ್ ಆವಿ ಗಯೋ' ಅಂತ ಅವರೇ ಒಬ್ಬರಿಗೊಬ್ಬರು ಸಮಾಧಾನ ಹೇಳ್ಕೊಳ್ತಿದ್ದರು.

ಆ ಮುಖಗಳು ನನಗೆ ಮತ್ತೆ ಜೋರಾಗಿ ನೆನಪಾದದ್ದು 2017ರ ಮೇ 15ರ ಸೋಮವಾರದ ಹೊತ್ತಿಗೆ. ಶುಕ್ರವಾರ, 12ನೇ ತಾರೀಕು, ವನ್ನಾಕ್ರೈ ಹೊರಬಿದ್ದಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ನಿಂತವು. ನಮ್ಮಲ್ಲಿ ಆಂಧ್ರದ ಪೊಲೀಸ್ ಇಲಾಖೆ, ಕೇರಳದ ಪಂಚಾಯಿತಿ ಕಚೇರಿಗಳು. ಗುಜರಾತಿನಲ್ಲಿ ಏಟು ಬಿದ್ದದ್ದು ಜಿಸ್ವಾನ್‌ಗೆ, ಅಂದರೆ ಗುಜರಾತ್ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್‌ಗೆ. ನಮ್ಮಲ್ಲಿ ಕೆಸ್ವಾನ್ ಇದೆಯಲ್ಲ, ಹಾಗೆ. ಗಾಂಧಿನಗರದ ಸಚಿವಾಲಯ ಮರದ ಬುಡ, ಅಲ್ಲಿಂದ ಜಿಲ್ಲಾ ಕೇಂದ್ರಗಳು, ಅಲ್ಲಿಂದ ತಾಲ್ಲೂಕು. ನರೋಡಾದಿಂದ ಗಾಂಧಿನಗರ ಹೆಚ್ಚು ಅಂದರೆ ಒಂದು ಗಂಟೆ ದಾರಿ. ಆ ಜಾಲಕ್ಕೆ ಸೇರಿದ 120ರಷ್ಟು ಕಂಪ್ಯೂಟರುಗಳು ಸೋಂಕಿಗೆ ಸಿಕ್ಕವು ಅಂತ ಆಗ ವರದಿಯಾಯ್ತು. ಸರ್ಕಾರ ಆಂಟಿವೈರಸ್ ಹಾಕಿಸುವ, ವಿಂಡೋಸ್ ಮೇಲ್ದರ್ಜೆಗೆ ಏರಿಸುವ ಕೆಲಸ ಹಚ್ಚಿಕೊಂಡಿತು.

ಲೆಕ್ಕ ನೋಡಿ. ವನ್ನಾಕ್ರೈ ನುಗ್ಗಿದ ಕಂಡಿ ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಕೊಟ್ಟದ್ದು ಮಾರ್ಚ್ 14ಕ್ಕೆ. ನಡುವೆ 59 ದಿನ. ಮರದ ಬುಡಕ್ಕೆ ನೀರು ಬಿದ್ದಿತ್ತು, ತುದಿಯ ಎಲೆಗೆ ತಲುಪಿರಲಿಲ್ಲ. ಇಷ್ಟು ದೊಡ್ಡ ರಾಜ್ಯದಲ್ಲಿ ಬರೀ 120 ಅಲ್ವಾ ಅಂತ ಕೇಳಬಹುದು. ಯಾವ 120 ಅನ್ನೋದು ಪ್ರಶ್ನೆ. ಇಂಥ ಜಾಲದ ತುದಿಯ ಕಂಪ್ಯೂಟರ್ ಅಂದರೆ ಸಾಮಾನ್ಯವಾಗಿ ಯಾರೋ ರೈತ ದಾಖಲೆಗೆ ಬಂದು ಸಾಲಲ್ಲಿ ನಿಲ್ಲುವ ಕೌಂಟರಿನದ್ದು.

ವನ್ನಾಕ್ರೈಯಲ್ಲೂ ಅದೇ 'ಲೈನ್ ತೆಗಿ ಮಾರಾಯ' ಗೊಂದಲ ಇನ್ನೊಂದು ರೂಪದಲ್ಲಿ ಬಂತು. ಆ ಹುಳು ಫೈಲುಗಳನ್ನು ಬೀಗ ಹಾಕುವ ಮೊದಲು ಅರ್ಥವಿಲ್ಲದ ಒಂದು ವೆಬ್ ವಿಳಾಸವನ್ನು ಕರೀತಿತ್ತು. ಉತ್ತರ ಬಂದರೆ ಸುಮ್ಮನಾಗ್ತಿತ್ತು. ಬ್ರಿಟನ್ನಿನ ಮಾರ್ಕಸ್ ಹಚಿನ್ಸ್ ಎಂಬ ಯುವಕ ಆ ವಿಳಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡ, ಹರಡೋದು ನಿಂತಿತು. ಈಗ ಯೋಚಿಸಿ: ಹೊರಗಿನ ಲೈನ್ ತೆಗೆದು, ಒಳಗಿನ ನೆಟ್‌ವರ್ಕ್ ಹಾಗೇ ಬಿಟ್ಟ ಕಚೇರಿಯಲ್ಲಿ ಏನಾಗುತ್ತೆ? ಹುಳುವಿಗೆ ಉತ್ತರ ಸಿಗೋಲ್ಲ, ಬೀಗ ಹಾಕ್ತಾ ಹೋಗುತ್ತೆ. ಆ ವಿಳಾಸವನ್ನು 'ಅನುಮಾನಾಸ್ಪದ' ಅಂತ ಬ್ಲಾಕ್ ಮಾಡಿದ ಕಡೆಯೂ ಅದೇ ಗತಿ.

ಅದಾದ ಆರೇ ವಾರಕ್ಕೆ, ಜೂನ್ 27ಕ್ಕೆ, ನಾಟ್‌ಪೆಟ್ಯಾ. ಇದು ಬಂದದ್ದು ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರಿನ ಅಪ್‌ಡೇಟ್ ಸರ್ವರಿನಿಂದ. ಕಳ್ಳ ಕಿಟಕಿಯಿಂದ ಬರಲಿಲ್ಲ, ಪೇರೆಂಟ್ ಸರ್ವರಿನ ಹೆಸರಲ್ಲಿ ಮುಂಬಾಗಿಲಿಂದಲೇ ಬಂದ. ನವಿ ಮುಂಬೈಯ ಜವಾಹರಲಾಲ್ ನೆಹರು ಬಂದರಿನಲ್ಲಿ ಮೇರ್ಸ್ಕ್ ಕಂಪನಿ ನಡೆಸುವ ಟರ್ಮಿನಲ್ಲೂ ನಿಂತಿತು. ಜಗತ್ತಿನಾದ್ಯಂತ ಮೇರ್ಸ್ಕ್‌ನ ಡೊಮೈನ್ ಕಂಟ್ರೋಲರುಗಳೆಲ್ಲ ಅಳಿಸಿಹೋದಾಗ ಒಂದು ಮಾತ್ರ ಉಳಿದಿತ್ತು, ಘಾನಾ ದೇಶದ್ದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತಂತೆ! ನಮ್ಮೂರಿನ ಲೋಡ್‌ಶೆಡ್ಡಿಂಗ್‌ಗೆ ಬೈದವರೆಲ್ಲ ಒಮ್ಮೆ ಇದನ್ನು ನೆನೀಬೇಕು.

ಈಗಿನವರು ಕೇಳ್ತಾರೆ, ಈ ಪೇರೆಂಟ್-ಚೈಲ್ಡ್ ಎಲ್ಲ ಹಳೇ ಕಾಲದ್ದಲ್ವಾ ಸರ್, ಈಗ ಕ್ಲೌಡ್ ಇದೆಯಲ್ಲ ಅಂತ. ಹೌದು, ಕ್ಲೌಡ್ ಬಂದ ಮೇಲೆ ನಡುವಿನ ಸರ್ವರುಗಳು ಬಹುಮಟ್ಟಿಗೆ ಮಾಯವಾದವು. ಎಲ್ಲ ಮಷೀನೂ ನೇರವಾಗಿ ಆಕಾಶಕ್ಕೇ ಜೋಡಣೆ. 2024ರ ಜುಲೈ 19ರ ಶುಕ್ರವಾರ ನೆನಪಿದೆಯಾ? ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಒಂದು ತಪ್ಪು ಅಪ್‌ಡೇಟ್ ಬಿಟ್ಟಿತು, 10:57ಕ್ಕೆ ವಾಪಸ್ ತಗೊಂಡಿತು. 78 ನಿಮಿಷ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಯಾವ ವೈರಸ್ಸೂ ಇರಲಿಲ್ಲ ಅಲ್ಲಿ.

ಹಳೇ ಮರದಲ್ಲಿ ಇಂಥದ್ದು ಆಗ್ತಿರಲಿಲ್ಲ ಅಂತ ನಾನು ಹೇಳೋಲ್ಲ. 2010ರ ಏಪ್ರಿಲ್ 21ಕ್ಕೆ ಮ್ಯಾಕಫಿಯ ಅಪ್‌ಡೇಟೊಂದು ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂದುಕೊಂಡು ತೆಗೆದುಹಾಕಿತ್ತು. ಆದರೆ ಒಂದು ಚೈಲ್ಡ್ ಸರ್ವರನ್ನು ನಾಲ್ಕು ತಾಸು ಹಿಂದೆ ಇಟ್ಟು, ಮೊದಲು ಹೆಡ್ ಆಫೀಸಿನ ಹತ್ತು ಮಷೀನಿಗೆ ಹಾಕಿ ನೋಡಿ, ಆಮೇಲೆ ಕೆಳಗೆ ಬಿಡೋಣ ಅನ್ನುವ ಅನುಕೂಲ ಆ ಮರದಲ್ಲಿ ಇತ್ತು. ನಾವು ನಿಧಾನ ಅಂತ ಬೈದದ್ದು ಬ್ರೇಕ್ ಕೂಡ ಆಗಿತ್ತು. 2024ರ ನಂತರ ಕ್ರೌಡ್‌ಸ್ಟ್ರೈಕ್ ಕೂಡ ಅಪ್‌ಡೇಟುಗಳನ್ನು ಹಂತಹಂತವಾಗಿ ಬಿಡುವ ಕ್ರಮಕ್ಕೆ ಬಂತು, ಗ್ರಾಹಕರಿಗೂ ಅದರ ಹಿಡಿತ ಕೊಟ್ಟಿತು.

ಅಂಕಲೇಶ್ವರದಿಂದ ವಾಪಸ್ ಬಂದ ಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್. ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಮೂರು ಸರ್ವರಿನ ಪಟ್ಟಿಯ ತಾರೀಕನ್ನು ಕೈಯಲ್ಲಿ ಬರೀತಿದ್ದೆ. ಹಸಿರು ದೀಪ ಇದೆಯಾ ಇಲ್ವಾ ಅಂತ ಬರೆಯೋಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ವಾರಕ್ಕೊಮ್ಮೆ ಅಂಕಲೇಶ್ವರಕ್ಕೆ ಫೋನ್ ಮಾಡಿ, ಸಂಬಳದ ಕಂಪ್ಯೂಟರಿನ ಪರದೆ ಮೇಲೆ ಕಾಣೋ ತಾರೀಕನ್ನು ಅಲ್ಲಿನ ಗುಮಾಸ್ತರ ಬಾಯಿಂದಲೇ ಓದಿಸ್ತಿದ್ದೆ. ಅವರಿಗೆ ಇದು ಕನ್ನಡದವನ ಹುಚ್ಚು ಅನ್ನಿಸಿರಬೇಕು, ಆದ್ರೂ ಪಾಪ ಓದ್ತಿದ್ದರು.

2012ರಲ್ಲಿ ನರೋಡಾ ಬಿಡುವಾಗ ಹೊಸ ಹುಡುಗನಿಗೆ ಒಂದು ಹಾಳೆ ಕೊಟ್ಟೆ. ಮೂರು ಚೌಕ, ನಡುವೆ ಬಾಣಗಳು, ಪೋರ್ಟ್ ನಂಬರ್, ಕೀ ಫೈಲ್ ಇರೋ ಸಿಡಿ ಯಾವ ಡ್ರಾಯರಿನಲ್ಲಿ ಅನ್ನೋದು. ನರೋಡಾದಿಂದ ಅಂಕಲೇಶ್ವರಕ್ಕೆ ಹೋಗುವ ಬಾಣವನ್ನು ಎರಡೆರಡು ಸಲ ಕೆಂಪು ಇಂಕಿನಲ್ಲಿ ತಿದ್ದಿದ್ದೆ. 'ಇದ್ಯಾಕೆ ಕೆಂಪು, ಸರ್?' ಅಂತ ಹಿಂದಿಯಲ್ಲಿ ಕೇಳಿದ. ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ, ಗೇಟಿನ ಹೊರಗೆ ಕೂತವರ ತನಕ. ಅವನು ಎದ್ದು ಹೋಗಿ ಕನ್ಸೋಲ್ ತೆರೆದು, ಹಸಿರು ದೀಪ ಬಿಟ್ಟು, ತಾರೀಕು ನೋಡಿದ.